ಹಳೆಯ ಗಾಡಿ, ಹೊಸ ಸಂಸಾರ: ಮದರಾಸಿನ ಸೆಕೆಂಡ್ ಹ್ಯಾಂಡ್ ವಾಹನಗಳ ಚರಿತ್ರೆ

ಸಂಘದ ಸಮಾರಂಭದಲ್ಲಾಗಲಿ, ವೆಸ್ಟ್ ಮಾಂಬಲಂನ ಅಯೋಧ್ಯಾ ಮಂಟಪದ ಬಳಿ ತರಕಾರಿ ಕೊಳ್ಳುವಾಗಲಾಗಲಿ, ನಾಲ್ಕು ಮಂದಿ ಕನ್ನಡಿಗರು ಕಲೆತರೆ ಈಚೆಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: “ಒಂದು ಸೆಕೆಂಡ್ ಹ್ಯಾಂಡ್ ಕಾರು ತೊಗೋಬೇಕು ಅಂತಿದೀವಿ. ಯಾವುದು ವಾಸಿ?” ಕೇಳುವವರು ಹೆಚ್ಚಾಗಿ ನಮ್ಮಂಥ ಸಂಬಳದವರು. ಮನೆಯಲ್ಲಿ ವಯಸ್ಸಾದ ತಂದೆತಾಯಿ, ಓದುವ ಇಬ್ಬರು ಮಕ್ಕಳು. ವರ್ಷಕ್ಕೆ ಎರಡು ಸಲವಾದರೂ ಮೈಸೂರಿಗೋ ಶಿವಮೊಗ್ಗಕ್ಕೋ ಹೋಗಿಬರಬೇಕು. ಕೈಯಲ್ಲಿರುವುದು ಎರಡು ಲಕ್ಷ, ಹೆಚ್ಚೆಂದರೆ ಎರಡೂವರೆ. ಅಷ್ಟು ಕೂಡಿಸುವುದಕ್ಕೆ ಆರೇಳು ವರ್ಷ ಹಿಡಿದಿರುತ್ತದೆ. ತಪ್ಪು ಗಾಡಿಗೆ ಹಾಕಿದರೆ ಆ ಹಣ ಮತ್ತೆ ಕೂಡುವುದಿಲ್ಲ.

ಯಾವುದೋ ಒಂದು ಕಂಪನಿಯ ಹೆಸರು ಹೇಳಿ ಮುಗಿಸುವುದು ಸುಲಭ. ಆದರೆ ಈ ಊರಿನ ಸಂಸಾರವಂದಿಗರು ಎಪ್ಪತ್ತು ವರ್ಷಗಳಿಂದ ಹಳೆಯ ಗಾಡಿಗಳನ್ನು ಕೊಳ್ಳುತ್ತ ಬಂದಿದ್ದಾರೆ. ಆ ಅನುಭವವನ್ನು ಕಾಲಕ್ರಮದಲ್ಲಿ ನೋಡಿದರೆ ಉತ್ತರ ತಾನಾಗಿ ತಿಳಿಯುತ್ತದೆಂದು ನಮ್ಮ ಅಭಿಪ್ರಾಯ.

ಕಾಯುವ ಕಾಲ

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಹೊರದೇಶದ ಕಂಪನಿಗಳು ಭಾಗಗಳನ್ನು ತಂದು ಇಲ್ಲಿ ಜೋಡಿಸಿ ಮಾರುತ್ತಿದ್ದವು. ೧೯೫೩ರ ಸುಂಕ ಆಯೋಗದ ವರದಿಯ ನಂತರ, ಇಲ್ಲಿಯೇ ತಯಾರಿಸಲು ಸಿದ್ಧರಿಲ್ಲದವರಿಗೆ ಅವಕಾಶ ತಪ್ಪಿತು. ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು ಬಾಗಿಲು ಹಾಕಿಕೊಂಡು ಹೋದವು. ಸಾಮಾನ್ಯ ಕುಟುಂಬದ ಪಾಲಿಗೆ ಕೊನೆಗೆ ಉಳಿದವು ಮೂರೇ ಬಗೆಯ ಕಾರುಗಳು: ಕಲ್ಕತ್ತೆಯ ಬಳಿಯ ಉತ್ತರಪಾರಾದ ಅಂಬಾಸಿಡರ್, ಮುಂಬಯಿಯ ಫಿಯಟ್, ನಮ್ಮ ಮದರಾಸಿನ ಸ್ಟಾಂಡರ್ಡ್.

ಎಷ್ಟು ಕಾರು ತಯಾರಿಸಬೇಕೆಂಬುದಕ್ಕೂ ಸರ್ಕಾರದ ಲೈಸೆನ್ಸ್ ಬೇಕಾಗಿತ್ತು. ಆದ್ದರಿಂದ ಕೊಳ್ಳುವವರ ಸಾಲು ಬೆಳೆಯಿತು. ೧೯೫೯ರಲ್ಲಿ ಕಾರುಗಳ ಹಂಚಿಕೆಗೂ ೧೯೬೦ರಲ್ಲಿ ಸ್ಕೂಟರುಗಳ ಹಂಚಿಕೆಗೂ ನಿಯಂತ್ರಣ ಆಜ್ಞೆಗಳು ಬಂದವು. ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಠೇವಣಿಯಿಟ್ಟು, ಹೆಸರು ಬರೆಸಿ, ವರ್ಷಗಟ್ಟಲೆ ಕಾಯಬೇಕು. ಕೇಂದ್ರ ಸರ್ಕಾರದ ನೌಕರರಿಗೆ ಒಂದಿಷ್ಟು ಕೋಟಾ ಇತ್ತು. ಅದರಲ್ಲಿಯೂ ಸಾಲು ತಪ್ಪಿದ್ದಲ್ಲ.

ಇದರ ಪರಿಣಾಮ ವಿಚಿತ್ರವಾಯಿತು. ಹೊಸ ಸ್ಕೂಟರಿಗೆ ಕಂಪನಿ ಹೇಳುವ ಬೆಲೆಗಿಂತ ಒಂದು ವರ್ಷ ಓಡಿದ ಸ್ಕೂಟರಿಗೆ ಹೆಚ್ಚು ಬೆಲೆ! ಹೊಸದು ಬೇಕಾದವನು ಕಾಯಬೇಕು, ಹಳೆಯದು ಬೇಕಾದವನು ಹೆಚ್ಚು ತೆರಬೇಕು. ನಮ್ಮ ಹಿರಿಯರು ಸ್ಕೂಟರನ್ನು ಬೆಳ್ಳಿ ಪಾತ್ರೆಯ ಹಾಗೆ ಒರೆಸಿಟ್ಟುಕೊಳ್ಳುತ್ತಿದ್ದುದಕ್ಕೆ ಕಾರಣ ಇದೇ. ಅದು ಬರಿಯ ವಾಹನವಲ್ಲ, ಕಷ್ಟಕಾಲಕ್ಕೆ ಒದಗುವ ಆಸ್ತಿಯೂ ಆಗಿತ್ತು.

ಮದರಾಸಿನದೇ ಆದ ಹೆರಾಲ್ಡ್

೧೯೪೮ರಲ್ಲಿ ಸ್ಥಾಪನೆಯಾದ ಸ್ಟಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿಯ ಕಾರ್ಖಾನೆ ಇದ್ದದ್ದು ತಾಂಬರಂ ದಾಟಿದರೆ ಸಿಗುವ ಪೆರುಂಗಳತ್ತೂರಿನ ಬಳಿ. ಅಲ್ಲಿಂದ ೧೯೬೧ರಲ್ಲಿ ಸ್ಟಾಂಡರ್ಡ್ ಹೆರಾಲ್ಡ್ ಹೊರಬಂತು. ೯೪೮ ಸಿ.ಸಿ. ಎಂಜಿನಿನ ಚಿಕ್ಕ ಕಾರು. ಮೊದಲು ಎರಡೇ ಬಾಗಿಲು. ಸೀರೆಯುಟ್ಟ ಹಿರಿಯ ಹೆಂಗಸರು ಮುಂದಿನ ಸೀಟು ಮಡಿಸಿ ಹಿಂದಕ್ಕೆ ಹೋಗಬೇಕಾದರೆ ಸಾಹಸವೇ. ಆಮೇಲೆ ನಾಲ್ಕು ಬಾಗಿಲಿನ ಮಾದರಿಯನ್ನು ಇಲ್ಲಿಯೇ ರೂಪಿಸಿದರು. ಇಂಗ್ಲೆಂಡಿನ ಹೆರಾಲ್ಡಿಗೆ ನಾಲ್ಕು ಬಾಗಿಲು ಇರಲಿಲ್ಲ.

ಮೂಲ ಹೆರಾಲ್ಡಿನ ಎರಡು ಗುಣಗಳನ್ನು ಇಲ್ಲಿ ಹೇಳಲೇಬೇಕು. ಒಂದು, ಸುಮಾರು ೨೫ ಅಡಿಯ ವೃತ್ತದಲ್ಲಿ ಅದು ತಿರುಗುತ್ತಿತ್ತು. ವೆಸ್ಟ್ ಮಾಂಬಲಂನಂಥ ಇಕ್ಕಟ್ಟು ಬೀದಿಗಳಿಗೆ ಇದಕ್ಕಿಂತ ಅನುಕೂಲ ಬೇರೆ ಏನು? ಎರಡು, ಬಾನೆಟ್ಟಿನ ಜೊತೆ ಮುಂಭಾಗದ ಮಡ್ಗಾರ್ಡುಗಳೂ ಒಟ್ಟಿಗೆ ಮೇಲೇಳುತ್ತಿದ್ದವು. ಎಂಜಿನು, ಸ್ಟಿಯರಿಂಗು, ಮುಂದಿನ ಚಕ್ರಗಳು ಎಲ್ಲವೂ ಮೆಕ್ಯಾನಿಕ್ಕಿನ ಕೈಗೆ ನೇರವಾಗಿ ಸಿಕ್ಕುತ್ತಿದ್ದವು. ಬಾಡಿಯ ಭಾಗಗಳನ್ನು ಬೇರೆಯದೇ ಆದ ಚಾಸಿಗೆ ಬೋಲ್ಟು ಹಾಕಿ ಕೂಡಿಸಿದ್ದುದರಿಂದ ಬೇಕಾದ್ದನ್ನು ಬಿಚ್ಚಿ ಬದಲಾಯಿಸಬಹುದಾಗಿತ್ತು.

ಹೆರಾಲ್ಡಿನ ನಂತರ ಗಜೆಲ್ ಬಂತು. ಅದೂ ೧೯೭೭ಕ್ಕೆ ನಿಂತಿತು. ೧೯೮೫ರಲ್ಲಿ ಅದೇ ಕಂಪನಿ ಇಂಗ್ಲೆಂಡಿನ ರೋವರ್ ಕಾರಿನ ದೇಹಕ್ಕೆ ತನ್ನ ಹಳೆಯ ಕಾಲದ ಎರಡು ಲೀಟರಿನ ಎಂಜಿನನ್ನು ಕೂಡಿಸಿ ಸ್ಟಾಂಡರ್ಡ್ ೨೦೦೦ ಎಂಬ ದೊಡ್ಡ ಕಾರನ್ನು ತಂದಿತು. ನೋಡುವುದಕ್ಕೆ ಭಾರಿ, ಮಾರಾಟ ಮಾತ್ರ ಆಗಲಿಲ್ಲ. ೧೯೮೮ರ ಹೊತ್ತಿಗೆ ಎಲ್ಲ ಮುಗಿಯಿತು.

ಕಂಪನಿ ಹೋದ ಮೇಲೂ ಹೆರಾಲ್ಡುಗಳು ಬಹುಕಾಲ ಓಡಿದವು. ಅವುಗಳನ್ನು ಕಾಪಾಡಿದ್ದು ಕೂವಂ ನದಿಯ ಪಕ್ಕದ ಪುದುಪೇಟೆ ಎನ್ನಬೇಕು. ಹಳೆಯ ವಾಹನಗಳನ್ನು ಬಿಚ್ಚಿ, ಕೆಲಸಕ್ಕೆ ಬರುವ ಭಾಗಗಳನ್ನು ಬೇರ್ಪಡಿಸಿ ಮಾರುವ ಅಂಗಡಿಗಳ ಸಾಲು ಅದು. ಹೊಸ ಬಿಡಿಭಾಗಗಳಿಗೆ ಜನರಲ್ ಪ್ಯಾಟರ್ಸ್ ರಸ್ತೆ, ಹಳೆಯವುಗಳಿಗೆ ಪುದುಪೇಟೆ ಎಂಬುದು ಈ ಊರಿನ ಮೆಕ್ಯಾನಿಕ್ಕುಗಳ ಪಾಠ. ಸರಳವಾಗಿ ಬಿಚ್ಚಿ ಕಟ್ಟಬಹುದಾದ ಹೆರಾಲ್ಡ್ ಕಂಪನಿ ಮುಳುಗಿದರೂ ಬದುಕಿತು. ನಾಲ್ಕು ಬೀದಿ ಸುತ್ತಿದರೂ ಇನ್ನೊಂದು ಕಾಣದ ಸ್ಟಾಂಡರ್ಡ್ ೨೦೦೦ ಒಡೆಯನಿಗೆ ಹೊರೆಯಾಯಿತು. ಒಂದೇ ಕಾರ್ಖಾನೆಯ ಈ ಎರಡು ಕಾರುಗಳ ವ್ಯತ್ಯಾಸದಲ್ಲಿ ನಮ್ಮ ಪ್ರಶ್ನೆಯ ಅರ್ಧ ಉತ್ತರವಿದೆ.

ಎರಡು ಚಕ್ರದ ಸಂಸಾರ

ನಿಜ ಹೇಳಬೇಕೆಂದರೆ ಆ ಕಾಲದ ಗುಮಾಸ್ತರ ಕುಟುಂಬಗಳಿಗೆ ಕಾರು ದೂರದ ಮಾತು. ಅಪ್ಪ ಹ್ಯಾಂಡಲ್ ಹಿಡಿದು, ದೊಡ್ಡ ಮಗು ಮುಂದೆ ನಿಂತು, ಅಮ್ಮ ಹಿಂದೆ ಓರೆಯಾಗಿ ಕೂತು, ಚಿಕ್ಕದು ಅವಳ ತೊಡೆಯ ಮೇಲೆ – ಇದೇ ಕುಟುಂಬದ ವಾಹನ. ಮೊದಲು ಲ್ಯಾಂಬ್ರೆಟ್ಟಾ, ಆಮೇಲೆ ಬಜಾಜ್. ಬಜಾಜ್ ಕಂಪನಿಗೆ ಇಟಲಿಯ ಪಿಯಾಜಿಯೋ ಜೊತೆಗಿದ್ದ ಒಪ್ಪಂದ ೧೯೭೧ರಲ್ಲಿ ಮುಗಿದು, ೧೯೭೨ರಲ್ಲಿ ಚೇತಕ್ ಬಂತು. ಅದಕ್ಕಾಗಿ ಹತ್ತು ವರ್ಷದವರೆಗೆ ಕಾದವರುಂಟು.

ಕನ್ನಡಿಗರಾದ ನಾವು ಮರೆಯಬಾರದ ಗಾಡಿ ಇನ್ನೊಂದಿದೆ. ೧೯೬೧ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ೧೯೭೩ರಿಂದ ಯೆಜ್ಡಿ. ಟೂ ಸ್ಟ್ರೋಕ್ ಎಂಜಿನು. ವಾಲ್ವುಗಳಿಲ್ಲ, ಭಾಗಗಳು ಕಡಿಮೆ, ಕೆಟ್ಟರೆ ಬೀದಿಬದಿಯಲ್ಲಿಯೇ ಬಿಚ್ಚಬಹುದು. ಕಿಕ್ ಲಿವರೇ ಗೇರ್ ಲಿವರಾಗಿಯೂ ಕೆಲಸ ಮಾಡುತ್ತಿತ್ತು. ೧೯೯೬ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆದರೂ ಆ ಗಾಡಿಗಳು ಇಂದಿಗೂ ಅಲ್ಲಲ್ಲಿ ಕಾಣುತ್ತವೆ. ಹೆರಾಲ್ಡ್ ಕಲಿಸಿದ ಪಾಠವನ್ನೇ ಯೆಜ್ಡಿಯೂ ಕಲಿಸುತ್ತದೆ.

೧೯೮೦ರಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಸುವ ಗಡಿಯೂರಾದ ಹೊಸೂರಿನಿಂದ ಟಿವಿಎಸ್ ೫೦ ಬಂತು. ಇಬ್ಬರು ಕೂರಬಲ್ಲ ಮೊಪೆಡ್ ನಮ್ಮ ದೇಶದಲ್ಲಿ ಅದೇ ಮೊದಲು. ಅನೇಕ ಗೃಹಿಣಿಯರೂ ಉಪಾಧ್ಯಾಯಿನಿಯರೂ ಮೊದಲು ಓಡಿಸಲು ಕಲಿತದ್ದು ಇಂಥ ಮೊಪೆಡ್ಡುಗಳ ಮೇಲೆಯೇ.

ಮಾರುತಿಯಿಂದ ಈಚೆಗೆ

೧೯೮೩ರ ಡಿಸೆಂಬರ್ ೧೪ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ ೮೦೦ ಕಾರಿನ ಕೀಲಿಕೈಯನ್ನು ಒಡೆಯರ ಕೈಗಿತ್ತರು. ಬೆಲೆ ಸುಮಾರು ೪೭,೫೦೦ ರೂಪಾಯಿ. ಎಂಜಿನು ೭೯೬ ಸಿ.ಸಿ. ಅದಕ್ಕೂ ಮೊದಲೆಲ್ಲ ಕಾಯುವ ಸಾಲಿತ್ತು. ೧೯೯೩ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಕೆಂಬ ನಿಯಮ ಹೋಯಿತು. ೧೯೯೮ರಲ್ಲಿ ನಮ್ಮ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈನಿಂದ ಹ್ಯುಂಡೈ ಕಂಪನಿಯ ಸ್ಯಾಂಟ್ರೋ ಬಂತು. ಹೊಸ ಕಾರು ಕೇಳಿದ ಕೂಡಲೇ ಸಿಗತೊಡಗಿದಾಗ ಹಳೆಯ ಕಾರಿನ ಬೆಲೆ ಇಳಿಯಿತು. ಸೆಕೆಂಡ್ ಹ್ಯಾಂಡ್ ಕಾರು ಬಡವರ ಕಾರಾದದ್ದು ಆಗಲೇ.

ಆದರೆ ಇಳಿದ ಬೆಲೆಯ ಹಿಂದೆ ಕಾರಣಗಳೂ ಇರುತ್ತವೆ. ಫೋರ್ಡ್ ಕಂಪನಿ ಎರಡನೆಯ ಸಲ ಭಾರತಕ್ಕೆ ಬಂದು ಚೆಂಗಲ್ಪಟ್ಟು ದಾರಿಯ ಮರೈಮಲೈ ನಗರದಲ್ಲಿ ಕಾರ್ಖಾನೆ ಕಟ್ಟಿತ್ತು. ೨೦೨೧ರ ಸೆಪ್ಟೆಂಬರಿನಲ್ಲಿ ಇಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿತು. ಬಿಡಿಭಾಗಗಳನ್ನೂ ರಿಪೇರಿಯನ್ನೂ ಮುಂದುವರಿಸುವುದಾಗಿ ಕಂಪನಿ ಹೇಳಿತಾದರೂ ಕೊಳ್ಳುವವರ ಮನಸ್ಸು ಹಿಂಜರಿಯಿತು. ಗಟ್ಟಿಮುಟ್ಟಾದ ಕಾರು ಕಡಿಮೆ ಬೆಲೆಗೆ ಸಿಗುತ್ತದೆಂದು ಸಂತೋಷಪಡುವ ಮೊದಲು, ನಾಳೆ ನಾವೂ ಅದನ್ನು ಕಡಿಮೆ ಬೆಲೆಗೇ ಮಾರಬೇಕೆಂಬುದನ್ನು ನೆನೆಯಬೇಕು.

ನೀರು ಕಂಡ ಗಾಡಿ

ನಮ್ಮ ಬಡಾವಣೆಗೆ ವಿಶೇಷವಾಗಿ ಸಲ್ಲುವ ವಿಷಯವೊಂದಿದೆ. ಇಂದಿನ ತ್ಯಾಗರಾಯನಗರ ಎದ್ದಿರುವ ಜಾಗದಲ್ಲಿ ಹಿಂದೆ ದೊಡ್ಡ ಕೆರೆಯಿತ್ತು. ೧೯೨೦ರ ದಶಕದಲ್ಲಿ ಅದನ್ನು ಬತ್ತಿಸಿ ಬಡಾವಣೆ ಕಟ್ಟಿದರು. ವೆಸ್ಟ್ ಮಾಂಬಲಂನ ಲೇಕ್ ವ್ಯೂ ರಸ್ತೆಯ ಹೆಸರಿನಲ್ಲಿ ಕೆರೆ ಇನ್ನೂ ಉಳಿದಿದೆ. ಜೋರು ಮಳೆ ಬಂದರೆ ದುರೈಸ್ವಾಮಿ ಸುರಂಗದಲ್ಲಿ ನೀರು ನಿಲ್ಲುವುದನ್ನು ನೋಡದವರು ಯಾರು?

೨೦೧೫ರ ಡಿಸೆಂಬರ್ ಮೊದಲ ವಾರದಲ್ಲಿ ಅಡಯಾರು ನದಿ ಉಕ್ಕಿದಾಗ ಊರಿನ ಸಾವಿರಾರು ಕಾರುಗಳು ಮುಳುಗಿದವು. ೨೦೨೩ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಮತ್ತೊಮ್ಮೆ. ಮುಳುಗಿದ ಕಾರು ವಿಮೆಯ ಲೆಕ್ಕದಲ್ಲಿ ಹರಾಜಾಗಿ, ತೊಳೆದು ಒರೆಸಿಕೊಂಡು ಮತ್ತೆ ಪೇಟೆಗೆ ಬರುವುದುಂಟು. ಹೊರಗೆ ಹೊಳಪು, ಒಳಗೆ ತಂತಿಗಳ ಕೊನೆಗಳಲ್ಲಿ ತುಕ್ಕು. ರಸಾಯನಶಾಸ್ತ್ರ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಒದ್ದೆಯಾದ ತಾಮ್ರವೂ ಕಬ್ಬಿಣವೂ ಕೂಡಲೇ ಕೆಡುವುದಿಲ್ಲ, ತಿಂಗಳುಗಳಾದ ಮೇಲೆ ಕೆಡುತ್ತವೆ.

ಆದ್ದರಿಂದ ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯಲ್ಲಿ ಕೆಸರಿನ ಗೆರೆಯಿದೆಯೇ ನೋಡಬೇಕು. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಮಣ್ಣು, ಸೀಟಿನ ಕೆಳಗಿನ ಸ್ಕ್ರೂಗಳಲ್ಲಿ ತುಕ್ಕು, ಕಿಟಕಿ ಮುಚ್ಚಿದಾಗ ಮುಗ್ಗುವಾಸನೆ – ಇವುಗಳಲ್ಲಿ ಒಂದಿದ್ದರೂ ನಮಸ್ಕಾರ ಹೇಳಿ ಬರುವುದು ಕ್ಷೇಮ. ವಿಮೆಯಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆಯೆಂದು ಕೇಳಬೇಕು. ಹಲವು ವರ್ಷದ ಗಾಡಿಗೆ ಅದು ಸೊನ್ನೆಯಾಗಿದ್ದರೆ ಏನೋ ನಡೆದಿರಬಹುದು, ಕಾರಣ ವಿಚಾರಿಸಬೇಕು.

ಕಾಗದ ಪತ್ರ ಮತ್ತು ಹಣದ ಲೆಕ್ಕ

ನಮ್ಮಂಥ ವಲಸೆ ಬಂದ ಕುಟುಂಬಗಳಿಗೆ ಇನ್ನೊಂದು ಆಕರ್ಷಣೆ ಉಂಟು. ಬೆಂಗಳೂರಿನ ಭಾವಮೈದುನ ಹೊಸ ಕಾರು ಕೊಂಡು ಹಳೆಯದನ್ನು ಕಡಿಮೆ ಬೆಲೆಗೆ ಕೊಡುತ್ತೇನೆನ್ನುತ್ತಾನೆ. ಒಳ್ಳೆಯದೇ, ಗಾಡಿಯ ಪೂರ್ವೋತ್ತರ ನಮಗೆ ಗೊತ್ತಿರುತ್ತದೆ. ಆದರೆ ೧೯೮೮ರ ಮೋಟಾರು ವಾಹನ ಕಾಯಿದೆಯ ೪೭ನೆಯ ಕಲಮಿನ ಪ್ರಕಾರ ಕೆಎ ನಂಬರಿನ ಗಾಡಿಯನ್ನು ತಮಿಳುನಾಡಿನಲ್ಲಿ ೧೨ ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿ ಹೊಸದಾಗಿ ನೋಂದಾಯಿಸಬೇಕು. ಅಲ್ಲಿನ ಆರ್‌ಟಿಓ ಕಚೇರಿಯಿಂದ ೨೮ನೇ ನಮೂನೆಯ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕ ತೆರಿಗೆ ಕಟ್ಟಬೇಕು. ಅಲ್ಲಿ ಕಟ್ಟಿದ ತೆರಿಗೆಯ ಉಳಿದ ಪಾಲಿಗಾಗಿ ಬೇರೆ ಅರ್ಜಿ ಹಾಕಿ ಓಡಾಡಬೇಕು. ಈ ಖರ್ಚನ್ನು ಸೇರಿಸಿ ನೋಡಿದ ಮೇಲೆಯೇ ಭಾವಮೈದುನನ ಕಾರು ಅಗ್ಗವೋ ಅಲ್ಲವೋ ತಿಳಿಯುವುದು.

ಹೆಸರು ವರ್ಗಾವಣೆಯನ್ನು ತಡಮಾಡಬಾರದು. ಅಪಘಾತವಾದರೆ ಹೊಣೆ ದಾಖಲೆಯಲ್ಲಿ ಹೆಸರಿರುವ ಒಡೆಯನದೇ ಎಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ಹೇಳಿದೆ. ಇದು ಕೊಳ್ಳುವವರಿಗಿಂತ ಮಾರುವವರು ನೆನಪಿಡಬೇಕಾದ ಮಾತು.

ಗಾಡಿಯ ವಯಸ್ಸೂ ಮುಖ್ಯ. ಖಾಸಗಿ ಕಾರಿನ ನೋಂದಣಿ ೧೫ ವರ್ಷಕ್ಕೆ ಮುಗಿಯುತ್ತದೆ. ಅದನ್ನು ನವೀಕರಿಸುವ ಶುಲ್ಕ ೨೦೨೨ರ ಏಪ್ರಿಲ್‌ನಲ್ಲಿ ೬೦೦ ರೂಪಾಯಿಯಿಂದ ೫,೦೦೦ಕ್ಕೆ ಏರಿತು. ಹದಿಮೂರು ವರ್ಷದ ಕಾರನ್ನು ಅಗ್ಗವೆಂದು ಕೊಂಡವರಿಗೆ ಎರಡೇ ವರ್ಷದಲ್ಲಿ ಈ ಖರ್ಚು ಬಂದು ನಿಲ್ಲುತ್ತದೆ. ಇನ್ನೊಂದು ಕಡೆ, ೨೦೨೫ರ ಸೆಪ್ಟೆಂಬರ್ ೨೨ರಿಂದ ಸಣ್ಣ ಕಾರುಗಳ ಜಿಎಸ್‌ಟಿ ೨೮ರಿಂದ ೧೮ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದ ಮೇಲೆ ಹಳೆಯದರ ಬೆಲೆಯೂ ಇಳಿಯಬೇಕಷ್ಟೆ. ಚೌಕಾಸಿ ಮಾಡುವಾಗ ಇದನ್ನು ಹೇಳಲು ಸಂಕೋಚ ಬೇಡ.

ಹಣದ ಮಾತು. ನಮ್ಮ ಹಿಂದಿನವರಿಗೆ ಸರ್ಕಾರದಿಂದ ವಾಹನ ಮುಂಗಡ ಸಿಗುತ್ತಿತ್ತು, ಜಿಪಿಎಫ್‌ನಿಂದ ಹಣ ತೆಗೆಯಬಹುದಾಗಿತ್ತು. ಏಳನೇ ವೇತನ ಆಯೋಗದ ನಂತರ ೨೦೧೬ರಲ್ಲಿ ವಾಹನ ಮುಂಗಡ ನಿಂತಿತು. ೨೦೦೪ರ ಜನವರಿ ೧ರಿಂದ ಈಚೆಗೆ ಕೆಲಸಕ್ಕೆ ಸೇರಿದ ನಮ್ಮಂಥವರಿಗೆ ಜಿಪಿಎಫ್ ಇಲ್ಲ. ಹೊಸ ಪಿಂಚಣಿ ಯೋಜನೆಯ ಹಣವನ್ನು ಗಾಡಿಗೆಂದು ತೆಗೆಯುವಂತಿಲ್ಲ. ಎಂದರೆ ಕೈಯಲ್ಲಿರುವುದಷ್ಟೇ ಬಂಡವಾಳ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ಇನ್ನೂ ಸ್ವಲ್ಪ ಬಿಗಿ ಮಾಡಿ, ಕಾಲನ್ನು ಮುಕ್ಕಾಲು ಹಾಸಿಗೆಗೇ ನಿಲ್ಲಿಸಬೇಕೆಂದು ನಮ್ಮ ಸಲಹೆ. ಎರಡು ಲಕ್ಷವಿದ್ದರೆ ಒಂದೂವರೆ ಲಕ್ಷದ ಗಾಡಿ ನೋಡಬೇಕು. ಉಳಿದ ಐವತ್ತು ಸಾವಿರ ಹೆಸರು ವರ್ಗಾವಣೆ, ವಿಮೆ, ಟೈರು, ಬ್ಯಾಟರಿ, ಕ್ಲಚ್ಚು ಇವುಗಳಿಗೆ ಮೊದಲ ವರ್ಷದಲ್ಲಿಯೇ ಬೇಕಾಗಬಹುದು.

ಈಗ ಮೊದಲ ಪ್ರಶ್ನೆಗೆ ಉತ್ತರ. ಬೀದಿಗೆ ನಾಲ್ಕು ಕಾಣುವಂಥ, ಇನ್ನೂ ನಡೆಯುತ್ತಿರುವ ಕಂಪನಿಯ, ಎಂಟು ಹತ್ತು ವರ್ಷದ ಸಣ್ಣ ಪೆಟ್ರೋಲ್ ಕಾರು. ಸಾಧ್ಯವಾದರೆ ಟಿಎನ್ ನಂಬರಿನದು, ಒಬ್ಬರೇ ಒಡೆಯರು ಓಡಿಸಿದ್ದು, ಸರ್ವೀಸಿನ ರಸೀದಿಗಳಿರುವುದು. ಬೆಳಗ್ಗೆ ಎಂಜಿನು ತಣ್ಣಗಿರುವಾಗ ಹೋಗಿ ಚಾಲೂ ಮಾಡಿಸಿ ನೋಡಬೇಕು. ನೀಲಿ ಹೊಗೆ ಬಂದರೆ ಎಂಜಿನು ಆಯಿಲ್ ಸುಡುತ್ತಿದೆಯೆಂದು ಅರ್ಥ. ಕೊಳ್ಳುವ ಮೊದಲು ನಮ್ಮ ಬೀದಿಯ ಮೆಕ್ಯಾನಿಕ್ಕಿಗೆ ಐದುನೂರೋ ಸಾವಿರವೋ ಕೊಟ್ಟು ಜೊತೆಗೆ ಕರೆದೊಯ್ಯಬೇಕು. ನಾಳೆ ಅದನ್ನು ರಿಪೇರಿ ಮಾಡಬೇಕಾದವರು ಅವರೇ. ಅವರು ಬೇಡವೆಂದ ಗಾಡಿಯನ್ನು ಬಣ್ಣಕ್ಕೆ ಮರುಳಾಗಿ ಕೊಳ್ಳಬಾರದು.

ಅಂಥದು ಸಿಗದಿದ್ದರೆ ಅವಸರ ಬೇಡ. ಮಾಂಬಲಂ ಸ್ಟೇಷನ್ನು ನಡೆದುಹೋಗುವ ದೂರದಲ್ಲಿದೆ. ಆಸ್ಪತ್ರೆಗೆ ಆಟೋ ಉಂಟು, ಊರಿಗೆ ರಾತ್ರಿಯ ರೈಲು ಉಂಟು. ಹಿಂದಿನವರು ಚೇತಕ್ ಒಂದಕ್ಕೆ ಹತ್ತು ವರ್ಷ ಕಾದರು. ಒಳ್ಳೆಯ ಹಳೆಯ ಕಾರಿಗಾಗಿ ನಾವು ಆರು ತಿಂಗಳು ಕಾದರೆ ನಷ್ಟವೇನಿಲ್ಲ.