ಕಿತ್ತೂರಿನ ಗಾರೆಯೂ ಸುಣ್ಣದ ತಿಳಿನೀರೂ

1824ರ ಅಕ್ಟೋಬರ್ ಎಂದೊಡನೆ ನಮ್ಮ ಬೈಲಹೊಂಗಲ–ಕಿತ್ತೂರು ಸೀಮೆಯ ಯಾವ ವಿದ್ಯಾರ್ಥಿಗಾದರೂ ನೆನಪಾಗುವುದು 23ನೆಯ ತಾರೀಖು. ಅಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಹತನಾದನು. ಅದಕ್ಕೆ ಎರಡೇ ದಿನ ಮೊದಲು, 21ರಂದು, ಇಂಗ್ಲೆಂಡಿನ ಲೀಡ್ಸ್ ನಗರದ ಜೋಸೆಫ್ ಆಸ್ಪ್‌ಡಿನ್ ಎಂಬ ಗೌಂಡಿಯು ‘ಪೋರ್ಟ್‌ಲ್ಯಾಂಡ್ ಸಿಮೆಂಟ್’ ಎಂಬ ಹೊಸ ಪುಡಿಗೆ ಪೇಟೆಂಟ್ ಪಡೆದಿದ್ದನು. ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವಿಲ್ಲ, ನಿಜ. ಆದರೆ ಸುಣ್ಣದ ಗಾರೆಯ ಕಾಲದ ಕಿತ್ತೂರು ಕಾದಾಡಿದ ವಾರದಲ್ಲಿಯೇ ಆ ಗಾರೆಯನ್ನು ಮೂಲೆಗುಂಪು ಮಾಡಲಿರುವ ವಸ್ತುವೂ ದಾಖಲಾಯಿತೆಂಬುದು ವಿಜ್ಞಾನ ಕಲಿಸಿದ ನನಗೆ ಸದಾ ಕುತೂಹಲದ ಸಂಗತಿ.

ನಮ್ಮ ನಾಡಿನಲ್ಲಿ ಸುಣ್ಣಕ್ಕೆ ಬರವಿರಲಿಲ್ಲ. ಎರೆಹೊಲಗಳ ಮಣ್ಣಿನಲ್ಲಿ ಸುಣ್ಣದ ಹರಳುಗಳು ಸಿಗುತ್ತವೆ. ರಾಮದುರ್ಗದಿಂದಾಚೆ ಲೋಕಾಪುರ, ಯಾದವಾಡಗಳ ಕಡೆಗೆ ಸುಣ್ಣದಕಲ್ಲಿನ ಪದರುಗಳೇ ಇವೆ. ಭೂವಿಜ್ಞಾನಿಗಳು ಅವನ್ನು ಕಲಾದಗಿ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಹಿಂದೆ ಇಂಥ ಕಲ್ಲು, ಹರಳುಗಳನ್ನು ಭಟ್ಟಿಯಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದರು. ‘ಸುಣಗಾರ’ ಎಂಬ ಅಡ್ಡಹೆಸರು ಹಾಜರಿ ಪುಸ್ತಕಗಳಲ್ಲಿ ಇಂದಿಗೂ ಉಳಿದಿದೆ. ಗಾರೆ ಅರೆಯುವಾಗ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಬೆರೆಸುವ ರೂಢಿ ನಮ್ಮ ದಕ್ಷಿಣದ ನಾಡುಗಳಲ್ಲಿತ್ತು.

ನಾನು ರಾಸಾಯನಿಕ ಕ್ರಿಯೆಗಳ ಪಾಠವನ್ನು ಆರಂಭಿಸುತ್ತಿದ್ದುದು ಈ ಸುಣ್ಣದಿಂದಲೇ. ಕಿತ್ತೂರು ಆಗಿನ್ನೂ ಬೈಲಹೊಂಗಲ ತಾಲೂಕಿನಲ್ಲಿತ್ತು. ಪ್ರಯೋಗಾಲಯವೆಂದರೆ ಒಂದು ಬೀರು, ಅದರ ಕೀಲಿಕೈ ಮುಖ್ಯೋಪಾಧ್ಯಾಯರ ಬಳಿ. ಆದರೆ ಎಲೆಯಡಿಕೆಯ ಸುಣ್ಣಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅದನ್ನು ನೀರಿನಲ್ಲಿ ಕದಡಿ, ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ತಿಳಿಯನ್ನು ಮಾತ್ರ ಬಗ್ಗಿಸಿಕೊಂಡರೆ ಸಾಕು. ಗಾಜಿನ ನಳಿಕೆಯ ಬದಲು ಪಪ್ಪಾಯಿ ಎಲೆಯ ಟೊಳ್ಳು ದಂಟು. “ಊದಿರಿ, ಹೀರಬೇಡಿರಿ” ಎಂದು ನಾನು ಕೂಗುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಉಸಿರು ತಾಗುತ್ತಲೇ ತಿಳಿನೀರು ಹಾಲಿನಂತೆ ಬೆಳ್ಳಗಾಗುವುದು. ಉಸಿರಿನ ಕಾರ್ಬನ್ ಡೈಆಕ್ಸೈಡ್ ಸುಣ್ಣದೊಡನೆ ಸೇರಿ ಮರಳಿ ಸುಣ್ಣದಕಲ್ಲಿನ ದ್ರವ್ಯವೇ ಆಗುತ್ತಿತ್ತು. ಇನ್ನೂ ಊದುತ್ತ ಹೋದರೆ ಬಿಳುಪು ಕರಗಿ ನೀರು ಮತ್ತೆ ತಿಳಿಯಾಗುವುದು, ಏಕೆಂದರೆ ಈಗ ಅದು ಬೈಕಾರ್ಬೊನೇಟ್. ಆ ತಿಳಿಯನ್ನು ಕುದಿಸಿದರೆ ಮರಳಿ ಕದಡು. ಬೋರಿನ ನೀರು ಕಾಯಿಸುವ ಹಂಡೆಯ ಒಳಮೈಗೆ ಹತ್ತುವ ಬಿಳಿ ಪದರು ಇದೇ.

ಈ ಸರಪಳಿಯನ್ನು ತೂಕದ ಲೆಕ್ಕದಿಂದ ಮೊದಲು ಬಿಡಿಸಿದವನು ಸ್ಕಾಟ್ಲೆಂಡಿನ ವೈದ್ಯ ಜೋಸೆಫ್ ಬ್ಲ್ಯಾಕ್. ಸುಟ್ಟಾಗ ಸುಣ್ಣದಕಲ್ಲು ಹಗುರವಾಗುವುದು ಅದರಿಂದೊಂದು ಅನಿಲ ಹೊರಹೋಗುವುದರಿಂದಲೇ ಎಂದು ಅವನು 1756ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದನು. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ 100 ಗ್ರಾಂ ಶುದ್ಧ ಕಲ್ಲಿನಿಂದ 44 ಗ್ರಾಂ ಅನಿಲ ಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಇದು ವಿಭಜನೆ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟಿ ಕುದಿಯುವುದು ಸಂಯೋಗ, ಮತ್ತು ಬಹಿರುಷ್ಣಕ. ಅದನ್ನು ಮಾತ್ರ ನಾನೇ ಮಾಡಿ, ಮಕ್ಕಳನ್ನು ದೂರ ನಿಲ್ಲಿಸಿ ತೋರಿಸುತ್ತಿದ್ದೆ; ಕಣ್ಣಿಗೆ ಸಿಡಿದರೆ ಅಪಾಯ.

ಬಂಧಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಸುಣ್ಣದಕಲ್ಲಿನಲ್ಲಿ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಅಯಾನುಗಳ ನಡುವೆ ಅಯಾನಿಕ ಬಂಧ. ಕಾರ್ಬೊನೇಟಿನೊಳಗೆ ಕಾರ್ಬನ್ ಮತ್ತು ಆಕ್ಸಿಜನ್‌ಗಳ ನಡುವೆ ಸಹವೇಲೆನ್ಸೀಯ ಬಂಧ. ಭಟ್ಟಿಯ ಬೆಂಕಿ ಕ್ಯಾಲ್ಸಿಯಂ ಅನ್ನು ಬಿಡಿಸುತ್ತದೆಂದು ಮಕ್ಕಳು ಉತ್ತರ ಬರೆಯುತ್ತಿದ್ದರು. ಹಾಗಲ್ಲ. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮುರಿಯುವುದು ಕಾರ್ಬೊನೇಟಿನ ಒಳಗಿನ ಬಂಧ. ಕಾರ್ಬನ್ ಎರಡು ಆಕ್ಸಿಜನ್‌ಗಳೊಡನೆ ಹಾರಿಹೋಗುತ್ತದೆ, ಉಳಿದೊಂದು ಆಕ್ಸಿಜನ್ ಕ್ಯಾಲ್ಸಿಯಂ ಜೊತೆಗೇ ನಿಲ್ಲುತ್ತದೆ.

ಗೋಡೆಗೆ ಹಚ್ಚಿದ ಗಾರೆಯಲ್ಲಿ ನಡೆಯುವುದು ನಮ್ಮ ಪಪ್ಪಾಯಿ ದಂಟಿನ ಪ್ರಯೋಗವೇ. ಊದುವುದು ಮಾತ್ರ ಗಾಳಿ. ಗಾರೆ ನಿಧಾನವಾಗಿ, ಹೊರಗಿನಿಂದ ಒಳಗೆ, ಮರಳಿ ಕಲ್ಲಾಗುತ್ತದೆ. ಸಣ್ಣ ಬಿರುಕು ಬಿಟ್ಟರೆ ಮಳೆನೀರು ಸ್ವಲ್ಪ ಸುಣ್ಣವನ್ನು ಕರಗಿಸಿ ಆ ಬಿರುಕಿನಲ್ಲೇ ಮತ್ತೆ ಕೂರಿಸುವುದೂ ಉಂಟು. ಸಿಮೆಂಟಿನ ಮಾರ್ಗ ಬೇರೆ. ಕಲ್ಲು ಮತ್ತು ಜೇಡಿಮಣ್ಣನ್ನು ಸುಮಾರು 1450 ಡಿಗ್ರಿಯಲ್ಲಿ ಸುಟ್ಟು ತಯಾರಿಸಿದ ಅದರ ಸಿಲಿಕೇಟುಗಳು ನೀರಿನೊಡನೆಯೇ ಗಟ್ಟಿಯಾಗುತ್ತವೆ, ಗಾಳಿಗಾಗಿ ಕಾಯುವುದಿಲ್ಲ. ಅಣೆಕಟ್ಟಿಗೆ, ಸೇತುವೆಗೆ ಅದೇ ಬೇಕು. ಸವದತ್ತಿಯ ಹತ್ತಿರದ ನವಿಲುತೀರ್ಥ ಅಣೆಕಟ್ಟನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಆದರೆ ಮೆತ್ತಗಿನ ಹಳೆಯ ಇಟ್ಟಿಗೆಯ ಮೇಲೆ, ಮಣ್ಣಿನ ಗೋಡೆಯ ಮೇಲೆ ಸಿಮೆಂಟ್ ಗಿಲಾಯಿ ಮಾಡಿದರೆ ಗೋಡೆಯೊಳಗಿನ ತೇವಕ್ಕೆ ಹೊರಬರುವ ದಾರಿ ಮುಚ್ಚುತ್ತದೆ. ಲವಣಗಳು ಒಳಗೇ ಹರಳುಗಟ್ಟಿ ಇಟ್ಟಿಗೆ ಉದುರತೊಡಗುತ್ತದೆ. ಕಿತ್ತೂರು, ಸವದತ್ತಿಗಳ ಕೋಟೆಗಳಂಥ ಸ್ಮಾರಕಗಳ ದುರಸ್ತಿಯಲ್ಲಿ ತಜ್ಞರು ಸುಣ್ಣದ ಗಾರೆಯನ್ನೇ ಮೆಚ್ಚುವುದು ಹಳೆಯದರ ಮೋಹದಿಂದಲ್ಲ.

ನಮ್ಮ ಬಂಧುಗಳಲ್ಲಿ ಇಬ್ಬರು ಈ ವರ್ಷ ಊರಿನ ಹಳೆಯ ಮನೆ ರಿಪೇರಿಗೆ ಹೊರಟಿದ್ದಾರೆ; ಅವರಿಗಾಗಿಯೇ ಇಷ್ಟು ಬರೆದೆ. ಗೌಂಡಿ ಎರಡು ದಿನದಲ್ಲಿ ಸಿಮೆಂಟ್ ಬಳಿದು ಮುಗಿಸುತ್ತೇನೆಂದರೆ ಒಪ್ಪಬೇಡಿರಿ. ಸುಣ್ಣದ ಗಾರೆಯನ್ನು ತೆಳುವಾಗಿ ಒಂದರ ಮೇಲೊಂದು ಪದರಾಗಿ ಹಚ್ಚಿಸಿ, ಕೆಲವು ದಿನ ನೀರು ಚಿಮುಕಿಸಿ ತೇವವಿಡಿರಿ. ಒಳಪದರು ಪೂರ್ತಿ ಗಟ್ಟಿಯಾಗಲು ತಿಂಗಳುಗಳೇ ಹಿಡಿಯುತ್ತವೆ.