ಖಡ್ಕಿಯ ಫಾರ್ವರ್ಡ್: ಧನರಾಜ್ ಪಿಳ್ಳೈ ಆಡಿದ ಕಾಂಟ್ರ್ಯಾಕ್ಟ್ ಇಲ್ಲದ ಹಾಕಿ

ಟೊರೊಂಟೊ ಕಡೆ ಇರೋ ನಮ್ಮ ವೀಕ್ಷಕರಿಗೆ ಹಾಕಿ ಅಂದ್ರೆ ಐಸ್ ಹಾಕಿ. ಅಲ್ಲಿ ಫಾರ್ವರ್ಡ್ ಆಗಿ ಆಡೋನಿಗೆ ಕಾಂಟ್ರ್ಯಾಕ್ಟ್ ಇರುತ್ತೆ, ಏಜೆಂಟ್ ಇರ್ತಾನೆ, 1967ರಿಂದ ಆಟಗಾರರದ್ದೇ ಒಂದು ಯೂನಿಯನ್ ಕೂಡ ಇದೆ. ಇವತ್ತಿನ ಕಥೆ ಇದ್ಯಾವುದೂ ಇಲ್ಲದೆ ಹೆಚ್ಚುಕಡಿಮೆ ಹದಿನೈದು ವರ್ಷ ಭಾರತದ ಮುಂಪಂಕ್ತಿಯಲ್ಲಿ ಓಡಿದ ಒಬ್ಬರದ್ದು. ಪುಣೆಯಲ್ಲಿರೋರು ಅವರ ಊರನ್ನ ಮುಂಬೈ ರೈಲಿನ ಕಿಟಕಿಯಿಂದ ಎಷ್ಟೋ ಸಲ ನೋಡಿರ್ತೀರಿ. ಖಡ್ಕಿ.

1817ರಲ್ಲಿ ಪೇಶ್ವೆಯ ಸೈನ್ಯ ಇಂಗ್ಲಿಷರ ಎದುರು ಸೋತ ಜಾಗ ಅದು. ಆಮೇಲೆ ಕಂಟೋನ್ಮೆಂಟ್ ಆಯ್ತು, 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಬಂತು. ನಮ್ಮ ಹಲಸೂರಿನ ಹಾಗೇ ಅಲ್ಲೂ ದಂಡಿನ ಹಿಂದೆ ತಮಿಳು ಕುಟುಂಬಗಳು ಬಂದು ನೆಲೆಸಿದವು, ಹಾಕಿಯೂ ಬಂತು. ನಾಗಲಿಂಗಂ ಪಿಳ್ಳೈ ಅಲ್ಲಿ ಮೈದಾನ ನೋಡಿಕೊಳ್ಳೋ ಕೆಲಸದಲ್ಲಿದ್ದರು. ಅವರ ನಾಲ್ಕನೇ ಮಗ ಧನರಾಜ್ ಹುಟ್ಟಿದ್ದು 1968ರ ಜುಲೈ 16ರಂದು. ಮುರಿದ ಸ್ಟಿಕ್ಕಿಗೆ ಹಗ್ಗ ಸುತ್ತಿಕೊಂಡು, ಯಾರೋ ಎಸೆದ ಚೆಂಡಿನಲ್ಲಿ, ಮಣ್ಣಿನ ಮೇಲೆ ಆಡಿ ಕಲಿತ ಹುಡುಗ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಹೊತ್ತಿಗೇ ಪ್ರಪಂಚದ ಹಾಕಿ ಕೃತಕ ಹುಲ್ಲಿಗೆ ಹೋಗಿಯಾಗಿತ್ತು ಅನ್ನೋದು ನೆನಪಿರಲಿ.

ಅಣ್ಣ ರಮೇಶ್ ಮುಂಬೈನಲ್ಲಿ ಆಡ್ತಿದ್ರು. ಎಂಬತ್ತರ ದಶಕದಲ್ಲಿ ತಮ್ಮನೂ ಅಲ್ಲಿಗೆ ಹೋದ. ಮಹೀಂದ್ರ ಕಂಪನಿಯ ತಂಡ, ಮುಂದೆ ಇಂಡಿಯನ್ ಏರ್‌ಲೈನ್ಸ್. ಆಗಿನ ಹಾಕಿಯ 'ವೃತ್ತಿ' ಅಂದ್ರೆ ಇದೇ: ಕಂಪನಿಯಲ್ಲೊಂದು ನೌಕರಿ, ತಿಂಗಳ ಸಂಬಳ, ಆಟ ಅದರ ಮೇಲೆ. ಮಿಕ್ಕ ದುಡ್ಡಿಗೆ ಆನ್‌ಸೈಟ್ ಹೋಗಬೇಕು! ನಿಜವಾಗಿಯೂ ಹಾಗೇ. ಲಂಡನ್, ಲಿಯಾನ್, ಸ್ಟುಟ್‌ಗಾರ್ಟ್, ಮಲೇಷ್ಯಾ, ಢಾಕಾ ಅಂತ ಕ್ಲಬ್ಬಿಂದ ಕ್ಲಬ್ಬಿಗೆ ಸುತ್ತಿದರು.

1989ರ ಡಿಸೆಂಬರ್‌ನಲ್ಲಿ ದೆಹಲಿಯ ಏಷ್ಯಾ ಕಪ್‌ನಲ್ಲಿ ಭಾರತದ ಪರ ಮೊದಲ ಆಟ. 2004ರ ಹೊತ್ತಿಗೆ 339 ಪಂದ್ಯಗಳು. ನಾಲ್ಕು ಒಲಿಂಪಿಕ್ಸ್, ನಾಲ್ಕು ವಿಶ್ವಕಪ್, ನಾಲ್ಕು ಚಾಂಪಿಯನ್ಸ್ ಟ್ರೋಫಿ, ನಾಲ್ಕು ಏಷ್ಯನ್ ಗೇಮ್ಸ್. ಗೋಲು ಎಷ್ಟು? ಫೆಡರೇಷನ್ ಲೆಕ್ಕವನ್ನೇ ಇಟ್ಟಿರಲಿಲ್ಲ. ಫಾರ್ವರ್ಡ್ ಆಟಗಾರನ ಗೋಲಿನ ಲೆಕ್ಕ ಇಡದ ಸಂಸ್ಥೆ ಅವನನ್ನ ಹೇಗೆ ನೋಡ್ಕೊಂಡಿರುತ್ತೆ ಅಂತ ನೀವೇ ಊಹಿಸಿ.

1998ರ ಬ್ಯಾಂಕಾಕ್‌ಗೆ ಬರೋಣ. ಏಷ್ಯನ್ ಗೇಮ್ಸ್ ಫೈನಲ್, ಎದುರಿಗೆ ದಕ್ಷಿಣ ಕೊರಿಯಾ, ನಾಯಕ ಧನರಾಜ್. ಪಂದ್ಯ 1-1 ಸಮ ಆಗಿ ಟೈ-ಬ್ರೇಕರ್‌ಗೆ ಹೋಯ್ತು. ಆಗ ಗೋಲಿನಲ್ಲಿ ನಿಂತಿದ್ದವರು ನಮ್ಮ ಬೆಂಗಳೂರಿನ ಆಶೀಶ್ ಬಲ್ಲಾಳ್. ಎರಡು ಪೆನಾಲ್ಟಿ ಸ್ಟ್ರೋಕ್ ತಡೆದರು. 4-2. 1966ರ ನಂತರ, ಅಂದ್ರೆ 32 ವರ್ಷ ಆದಮೇಲೆ, ಹಾಕಿಯಲ್ಲಿ ಏಷ್ಯನ್ ಗೇಮ್ಸ್ ಚಿನ್ನ.

ಊರಿಗೆ ಬಂದ ಮೇಲೆ ಏನಾಯ್ತು ಗೊತ್ತಾ? ಮುಂದಿನ ಪಾಕಿಸ್ತಾನ ಸರಣಿಗೆ ಧನರಾಜ್ ಇಲ್ಲ, ಬಲ್ಲಾಳ್ ಇಲ್ಲ, ಇನ್ನೂ ಕೆಲವು ಹಿರಿಯರಿಲ್ಲ. ಕೋಚ್ ಎಂ.ಕೆ. ಕೌಶಿಕ್ ಅವರನ್ನೂ ತೆಗೆದರು. ಕೆ.ಪಿ.ಎಸ್. ಗಿಲ್ ಅಧ್ಯಕ್ಷರಾಗಿದ್ದ ಫೆಡರೇಷನ್ ಕೊಟ್ಟ ಕಾರಣ 'ವಿಶ್ರಾಂತಿ'. ಧನರಾಜ್‌ಗೆ ಮೊದಲೇ ಸಿಟ್ಟು ಮೂಗಿನ ತುದೀಲಿ. ವಿದೇಶ ಪ್ರವಾಸದಲ್ಲಿ ಕೊಡೋ ಭತ್ಯೆ ಸಾಲಲ್ಲ, ಸೌಲಭ್ಯ ಸರಿಯಿಲ್ಲ ಅಂತ ಬಹಿರಂಗವಾಗಿ ಹೇಳಿದ್ದರು. ಇದು ಅದಕ್ಕೆ ತೀರಿಸಿಕೊಂಡ ಸೇಡು ಅಂತಲೇ ಹೆಚ್ಚಿನವರು ಅಂದುಕೊಂಡರು. ನನಗೂ ಬೇರೆ ಅರ್ಥ ಕಾಣೋದಿಲ್ಲ. ಟೊರೊಂಟೊದ ಫಾರ್ವರ್ಡ್ ಆಗಿದ್ದರೆ ಯೂನಿಯನ್ ಬಾಗಿಲು ತಟ್ಟಬಹುದಿತ್ತು. ಇವರು ತಟ್ಟೋಕೆ ಬಾಗಿಲೇ ಇರಲಿಲ್ಲ.

ಮತ್ತೆ ಕರೆದರು, ಬೇರೆ ದಾರಿ ಇರಲಿಲ್ಲ. 2000ದಲ್ಲಿ ಸಿಡ್ನಿಯಲ್ಲಿ ಪೋಲೆಂಡ್ ವಿರುದ್ಧ ಗೆದ್ದಿದ್ದರೆ ಸೆಮಿಫೈನಲ್. ಪಂದ್ಯ ಮುಗಿಯೋಕೆ ಎರಡು ನಿಮಿಷವೂ ಇಲ್ಲದಾಗ ಪೋಲೆಂಡ್ ಗೋಲು ಹೊಡೆದು 1-1 ಮಾಡಿತು. ಧನರಾಜ್ ಅತ್ತರು. 2003ರಲ್ಲಿ ಅವರ ನಾಯಕತ್ವದಲ್ಲೇ ಭಾರತ ಮೊದಲ ಸಲ ಏಷ್ಯಾ ಕಪ್ ಗೆದ್ದಿತು, ಅದೂ ಫೈನಲ್‌ನಲ್ಲಿ ಪಾಕಿಸ್ತಾನವನ್ನ 4-2ರಿಂದ ಸೋಲಿಸಿ. ಮರುವರ್ಷವೇ ಅಥೆನ್ಸ್. ಗೇಮ್ಸ್ ಹತ್ತಿರ ಬಂದಾಗ ಜರ್ಮನಿಯಿಂದ ಗೆರ್ಹಾರ್ಡ್ ರಾಕ್ ಅನ್ನೋ ಹೊಸ ಕೋಚ್‌ನ ತಂದರು. ನಾಲ್ಕನೇ ಒಲಿಂಪಿಕ್ಸ್ ಆಡೋಕೆ ಹೋದ ಮನುಷ್ಯ ಬಹುಪಾಲು ಬೆಂಚಿನಲ್ಲಿ ಕೂತರು. ಬೆಂಚ್ ಅಂದ್ರೆ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಭಾರತ ಏಳನೇ ಸ್ಥಾನ. ಅಲ್ಲಿಗೆ ಅಂತರರಾಷ್ಟ್ರೀಯ ಹಾಕಿ ಮುಗೀತು.

ಆದ್ರೆ ಆಟ ಮುಗಿದಿರಲಿಲ್ಲ. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಅಂತ ಎಂಟು ತಂಡಗಳ ಲೀಗ್ ಶುರುವಾಯ್ತು. ಪುಣೆಗೂ ಸ್ಟ್ರೈಕರ್ಸ್ ಅಂತ ತಂಡ ಇತ್ತು. ಖಡ್ಕಿಯ ಧನರಾಜ್ ಮಾತ್ರ ನಮ್ಮ ಕರ್ನಾಟಕ ಲಯನ್ಸ್ ಜೆರ್ಸಿ ಹಾಕಿದರು, ಕೊಡಗಿನ ಅರ್ಜುನ್ ಹಾಲಪ್ಪ ಅವರ ಜೊತೆ. ವಯಸ್ಸು 43. ಪುಣೆ ತಂಡ ಫೈನಲ್‌ವರೆಗೂ ಹೋಯ್ತು. ಹಾಕಿ ಇಂಡಿಯಾ ಆ ಲೀಗಿಗೆ ಮಾನ್ಯತೆ ಕೊಡಲಿಲ್ಲ, ಎರಡನೇ ಸೀಸನ್ ನಡೀಲೇ ಇಲ್ಲ.