ಕಡತದ ಸಾರ, ಕಡತದ ಪ್ರತಿ

ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ನೀವು ನೋಡಿರಬಹುದು. ತನ್ನ ಹೆಸರಿನ ಮುಂದೆ ಏನು ಬರೆದಿದೆಯೆಂದು ಗಿರಾಕಿ ಬಗ್ಗಿ ನೋಡಬಹುದು. ಲೆಕ್ಕ ತಪ್ಪಿದ್ದರೆ ಅಲ್ಲೇ ತಕರಾರು ತೆಗೆಯಬಹುದು. ಇಂತಹ ನೂರಾರು ಪುಸ್ತಕಗಳ ವಿವರವನ್ನು ಯಾರೋ ಮೂರನೆಯವರು ಒಟ್ಟುಗೂಡಿಸಿ ಮಾರತೊಡಗಿದರೆ?

ಅಮೆರಿಕದ ಅಟ್ಲಾಂಟ ನಗರದಲ್ಲಿ ಕೇಟರ್ ಮತ್ತು ಗೈ ವುಲ್‌ಫರ್ಡ್ ಎಂಬ ಸೋದರರು 1899ರಲ್ಲಿ ಆರಂಭಿಸಿದ್ದು ಇದೇ ವ್ಯಾಪಾರವನ್ನು. ಸಂಸ್ಥೆಯ ಹೆಸರು ರಿಟೇಲ್ ಕ್ರೆಡಿಟ್ ಕಂಪನಿ. ಯಾವ ಗಿರಾಕಿ ಸಕಾಲಕ್ಕೆ ಹಣ ಕೊಡುತ್ತಾನೆ, ಯಾರು ತಡಮಾಡುತ್ತಾರೆ, ಯಾರಿಗೆ ನಗದಿಗಷ್ಟೇ ಸಾಮಾನು ಕೊಡಬೇಕು ಎಂಬ ಪಟ್ಟಿಯನ್ನು ಅದು ವರ್ತಕರಿಗೆ ಮಾರುತ್ತಿತ್ತು. ಮುಂದೆ ವಿಮಾ ಕಂಪನಿಗಳೂ ಕೆಲಸ ಕೊಡುವವರೂ ಅದರ ಗಿರಾಕಿಗಳಾದರು. ಆಗ ಬರೀ ಸಾಲದ ವಿವರ ಸಾಲದಾಯಿತು. ಕಂಪನಿಯ ಇನ್‌ಸ್ಪೆಕ್ಟರುಗಳು ಅಕ್ಕಪಕ್ಕದ ಮನೆಯವರನ್ನು ವಿಚಾರಿಸಿದರು: ಈತ ಕುಡಿಯುತ್ತಾನೆಯೆ, ಸಂಸಾರ ಹೇಗಿದೆ, ನಡತೆ ಎಂಥದು? ಬೀದಿಯ ಮಾತು ಟೈಪಾಗಿ ಕಡತ ಸೇರಿತು. ವಿಮೆ ನಿರಾಕರಿಸಲ್ಪಟ್ಟವನಿಗೆ ಕಾರಣ ತಿಳಿಯುವ ದಾರಿ ಇರಲಿಲ್ಲ. ವರದಿ ಕೊಂಡವರು ಅದನ್ನು ಆ ವ್ಯಕ್ತಿಗೆ ತೋರಿಸಕೂಡದೆಂಬ ಕರಾರೇ ಇತ್ತು.

1960ರ ದಶಕದ ಹೊತ್ತಿಗೆ ಇಂತಹ ಕಡತಗಳಲ್ಲಿ ಕೋಟ್ಯಂತರ ಜನರ ಹೆಸರಿತ್ತು. ಅವನ್ನೆಲ್ಲ ಗಣಕಯಂತ್ರಕ್ಕೆ ಏರಿಸುವ ಸುದ್ದಿ ಬಂದಾಗ ಜನ ಬೆಚ್ಚಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಲನ್ ವೆಸ್ಟಿನ್ ಈ ವಿಷಯ ಕುರಿತು ಬರೆದರು, ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಮಾತನಾಡಿದರು. 1970ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ನಿಕ್ಸನ್ ಒಂದು ಕಾಯ್ದೆಗೆ ಸಹಿ ಹಾಕಿದರು. ಖಾಸಗಿ ಕಂಪನಿಯೊಂದರ ಬಳಿ ಇರುವ ತನ್ನ ಕಡತದಲ್ಲಿ ಏನಿದೆಯೆಂದು ಕೇಳುವ ಹಕ್ಕು ಅಮೆರಿಕದ ಪ್ರಜೆಗೆ ಹೀಗೆ ಬಂತು.

ಆದರೆ ಕಾಯ್ದೆಯ ಮಾತುಗಳನ್ನು ಸ್ವಲ್ಪ ಗಮನಿಸಿ ಓದಬೇಕು. ಕಂಪನಿ ತಿಳಿಸಬೇಕಾಗಿದ್ದುದು ಕಡತದ 'ಸ್ವರೂಪ ಮತ್ತು ಸಾರ'ವನ್ನು ಮಾತ್ರ. ವ್ಯಕ್ತಿ ಕಚೇರಿಗೆ ಹೋಗಬಹುದು, ಜೊತೆಗೆ ಒಬ್ಬರನ್ನು ಕರೆದೊಯ್ಯಬಹುದು, ಇಲ್ಲವೇ ದೂರವಾಣಿಯಲ್ಲಿ ಕೇಳಬಹುದು. ಕಡತದ ಪ್ರತಿ ಕೈಗೆ ಕೊಡಲೇಬೇಕೆಂದು ಇರಲಿಲ್ಲ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದರ ಅಂತರ ಬೇಗ ಹೊಳೆಯುತ್ತದೆ. ಪ್ರಯೋಗದ ಫಲಿತಾಂಶವನ್ನು ಬಾಯಲ್ಲಿ ಕೇಳಿ ತಪ್ಪು ಹಿಡಿಯಲಾಗದು, ಅಳತೆ ಬರೆದಿಟ್ಟ ಪುಸ್ತಕವೇ ಬೇಕು. 1996ರ ತಿದ್ದುಪಡಿಯ ನಂತರವೇ 'ಸಾರ' ಹೋಗಿ 'ಎಲ್ಲ ಮಾಹಿತಿ' ಎಂಬ ಮಾತು ಬಂತು. ಅಂದರೆ 26 ವರ್ಷ.

ಪೂರ್ಣ ಪ್ರತಿ ಏನನ್ನು ಹೊರಗೆಡಹಬಲ್ಲದು ಎಂಬುದಕ್ಕೆ ಯೂರೋಪಿನ ಒಂದು ಉದಾಹರಣೆ ಸಾಕು. 2011ರಲ್ಲಿ ಆಸ್ಟ್ರಿಯಾದ ಕಾನೂನು ವಿದ್ಯಾರ್ಥಿ ಮ್ಯಾಕ್ಸ್ ಶ್ರೆಮ್ಸ್ ತಮ್ಮ ಬಗ್ಗೆ ಇರುವುದನ್ನೆಲ್ಲ ಕೊಡಿರೆಂದು ಫೇಸ್‌ಬುಕ್‌ಗೆ ಬರೆದರು. ಕಂಪನಿಯ ಯೂರೋಪ್ ಕಚೇರಿ ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದುದರಿಂದ ಅಲ್ಲಿನ ಕಾನೂನು ಅನ್ವಯವಾಗುತ್ತಿತ್ತು. ಬಂದದ್ದು ಸಿ.ಡಿ.ಯೊಂದರಲ್ಲಿ 1,222 ಪುಟ. ತಾವು ಎಂದೋ ಅಳಿಸಿಹಾಕಿದ್ದೆವೆಂದು ತಿಳಿದಿದ್ದ ಸಂದೇಶಗಳೂ ಅದರಲ್ಲಿದ್ದವು! ಸಾರಾಂಶವನ್ನಷ್ಟೇ ಕಳಿಸಿದ್ದರೆ 'ಸಂದೇಶಗಳು' ಎಂಬ ಒಂದು ಪದದಲ್ಲಿ ಅವು ಅಡಗಿಬಿಡುತ್ತಿದ್ದವು. ಅವರು ಐರ್ಲೆಂಡಿನ ಅಧಿಕಾರಿಗೆ ದೂರಿನ ಮೇಲೆ ದೂರು ಕೊಟ್ಟರು. 2018ರ ಮೇ ತಿಂಗಳಲ್ಲಿ ಜಾರಿಯಾದ ಯೂರೋಪಿನ ಹೊಸ ನಿಯಮವು ಮೊದಲ ಪ್ರತಿಯನ್ನು ಉಚಿತವಾಗಿ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕೆನ್ನುತ್ತದೆ.

ಇನ್ನು ನಮ್ಮಲ್ಲಿಗೆ ಬರೋಣ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಅದರ 11ನೇ ಕಲಮು ನಮಗೆ ಕೊಡುವುದು ಏನನ್ನು? ಕಂಪನಿ ಬಳಸುತ್ತಿರುವ ನಮ್ಮ ದತ್ತಾಂಶದ 'ಸಾರಾಂಶ'ವನ್ನು! ಅಮೆರಿಕ 1996ರಲ್ಲಿ ಬಿಟ್ಟ ಮಾತನ್ನು ನಾವು 2023ರಲ್ಲಿ ಎತ್ತಿಕೊಂಡದ್ದು ನನಗಂತೂ ಸರಿಕಾಣುವುದಿಲ್ಲ. 2025ರ ನವೆಂಬರ್‌ನಲ್ಲಿ ಪ್ರಕಟವಾದ ವೇಳಾಪಟ್ಟಿಯ ಪ್ರಕಾರ, ಈ ಹಕ್ಕು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿ ಇದೆ.

ಸಾಲದ ಕಡತದ ಮಟ್ಟಿಗೆ ಮಾತ್ರ ನಮ್ಮ ಸ್ಥಿತಿ ಉತ್ತಮ. ವುಲ್‌ಫರ್ಡ್ ಸೋದರರ ಕಂಪನಿ 1970ರ ದಶಕದಲ್ಲಿ ಈಕ್ವಿಫ್ಯಾಕ್ಸ್ ಎಂದು ಹೆಸರು ಬದಲಿಸಿಕೊಂಡಿತು. ಭಾರತದಲ್ಲಿ ಸಾಲದ ಮಾಹಿತಿ ಇಡುವ ನಾಲ್ಕು ಸಂಸ್ಥೆಗಳಲ್ಲಿ ಅದರದೂ ಒಂದು, ಸಿಬಿಲ್ ಇನ್ನೊಂದು. ಕೇಳಿದವರಿಗೆ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2016ರಲ್ಲಿ ಇವಕ್ಕೆ ಆದೇಶಿಸಿತು. ಬ್ಯಾಂಕಿನಿಂದ ಶಿಕ್ಷಣ ಸಾಲ ಪಡೆದ ವಿದ್ಯಾರ್ಥಿಯ ಹೆಸರಿನಲ್ಲೂ ಈ ಕಡತ ಇರುತ್ತದೆ. ತೀರಿಸಿದ ಕಂತು ಅದರಲ್ಲಿ ಬಾಕಿಯೆಂದು ಕಂಡರೆ ಮುಂದಿನ ಸಾಲಕ್ಕೆ ತೊಡಕಾಗುತ್ತದೆ. ವರದಿ ತರಿಸಿ, ತಪ್ಪನ್ನು ಗುರುತಿಸಿ ದೂರು ಕೊಡಬಹುದು. 30 ದಿನಗಳೊಳಗೆ ದೂರು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಹೊರಡಿಸಿದ ಆದೇಶ ಹೇಳುತ್ತದೆ.